ದನಿ ಕೇಳಿ ದ್ರೋಹಿಯನ್ನು ಹಿಡಿಯುವ ಮಷೀನು

ಬೆಳಗಿನ ಐದೂವರೆಗೆ ಧಾರವಾಡದ ಕೆಸಿಡಿ ಮೈದಾನಕ್ಕೆ ಹೋದರೆ ಎರಡು ಥರದ ಜನ ಸಿಗುತ್ತಾರೆ. ಸಕ್ಕರೆ ಕಾಯಿಲೆಯವರು ಮತ್ತು ಮಿಲಿಟರಿ ಸೇರಬೇಕು ಅನ್ನುವ ಹುಡುಗರು. ಮೊದಲನೆಯವರು ನಡೆಯುತ್ತಾರೆ, ಎರಡನೆಯವರು ಓಡುತ್ತಾರೆ. ನಾನು ಯಾವ ಗುಂಪಿನವನು ಅಂತ ಬೇರೆ ಹೇಳಬೇಕಿಲ್ಲ :)

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಓಟ ಮುಗಿಸಿ, ಮೊಣಕಾಲ ಮೇಲೆ ಕೈಯೂರಿ ತೇಕುತ್ತ ನಿಂತಿದ್ದವನು ನನ್ನನ್ನು ನೋಡಿ ಹತ್ತಿರ ಬಂದ.

"ಕಾಕಾ, ದನಿ ಕೇಳಿ ಇಂವಾ ನಂಬಿಗಸ್ತ ಹೌದೋ ಅಲ್ಲೋ ಅಂತ ಹೇಳೋ ಮಷೀನ್ ಬಂದಾವಂತ. ಭರ್ತಿಗೆ ಹೋದಾಗ ನಮಗೂ ಹಚ್ಚತಾರೇನ್ರಿ ಅದನ್ನ?"

"ಹಚ್ಚಿದ್ರ ಏನಾತಪಾ? ನೀ ಏನ್ ಕದ್ದೀಯೇನ?" ಅಂತ ನಕ್ಕೆ.

"ಕದ್ದಿಲ್ರಿ. ಆದ್ರ ಸಾಹೇಬ್ರ ಮುಂದ ನಿಂತು ಹೆಸರ ಹೇಳಬೇಕಂದ್ರೂ ನನ್ನ ದನಿ ನಡಗತೈತ್ರಿ. ಮನ್ಯಾಗ ಅಪ್ಪನ ಮುಂದ ಸೈತ."

ನನ್ನ ನಗು ಅಲ್ಲೇ ನಿಂತಿತು. ನಮ್ಮ ಸೇನಾ ಭರ್ತಿಯಲ್ಲಿ ಬರೆಯುವ ಪರೀಕ್ಷೆ ಇದೆ, 1.6 ಕಿಲೋಮೀಟರ್ ಓಟ ಇದೆ, ಬೀಮ್ ಇದೆ, ಒಂಬತ್ತು ಅಡಿಯ ಹಳ್ಳ ಜಿಗಿಯುವುದಿದೆ, ವೈದ್ಯಕೀಯ ತಪಾಸಣೆ ಇದೆ, ಕಾಗದಪತ್ರ ನೋಡುವುದಿದೆ. ದನಿ ಮಷೀನಿನ ಮಾತು ಅದರಲ್ಲಿಲ್ಲ. ಹಾಗಂತ ಅವನಿಗೆ ಹೇಳಿ ಸಮಾಧಾನ ಮಾಡಿದೆ. ಆದರೆ ಅವನ ಪ್ರಶ್ನೆ ಮನೆತನಕ ನನ್ನ ಹಿಂದೆಯೇ ಬಂತು. ಯಾಕೆಂದರೆ ಅವನು ಹೇಳಿದ ಮಷೀನು ಕಟ್ಟುಕಥೆಯೇನೂ ಅಲ್ಲ. ಅದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆಯ ಕೆಲವು ಪುಟಗಳು ನಮ್ಮ ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತಲೇ ಇವೆ. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ.

*

ಮೊದಲು ಮಷೀನಿನ ಕಥೆ.

ಅಫ್ಘಾನಿಸ್ತಾನದಲ್ಲಿ ಅಮೆರಿಕದವರು ಅಲ್ಲಿನ ಹುಡುಗರಿಗೆ ಬಂದೂಕು ಕೊಟ್ಟು, ಸಮವಸ್ತ್ರ ಹಾಕಿಸಿ ತರಬೇತಿ ಕೊಡುತ್ತಿದ್ದಾಗ ಒಂದು ವಿಚಿತ್ರ ಸಂಕಟ ಶುರುವಾಯಿತು. ತರಬೇತಿ ಪಡೆದವರಲ್ಲೇ ಕೆಲವರು ತಮಗೆ ಕಲಿಸಿದವರ ಮೇಲೆ ಗುಂಡು ಹಾರಿಸತೊಡಗಿದರು. 2012ರಲ್ಲಿ ಇದು ಎಷ್ಟು ಹೆಚ್ಚಿತೆಂದರೆ ಹತ್ತಾರು ವಿದೇಶಿ ಸೈನಿಕರು ಹೀಗೆ 'ಒಳಗಿನವರ' ಕೈಯಲ್ಲೇ ಸತ್ತರು. ಹೊರಗಿನ ಶತ್ರುವಿಗೆ ಬೇಲಿ ಹಾಕಬಹುದು, ಮಗ್ಗುಲಲ್ಲೇ ಮಲಗುವವನಿಗೆ ಏನು ಮಾಡುವುದು? ಬೆರಳಚ್ಚು, ಕಣ್ಣಿನ ಪಾಪೆಯ ಗುರುತು, ಊರ ಹಿರಿಯರ ಜಾಮೀನು ಎಲ್ಲಾ ಆಯಿತು. 2008ರಲ್ಲೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸುಳ್ಳು ಪತ್ತೆ ಯಂತ್ರವನ್ನೂ ಅಲ್ಲಿಗೆ ಒಯ್ದಿದ್ದರು. ಅದು ಬೆರಳಿನ ಬೆವರು ಮತ್ತು ನಾಡಿಮಿಡಿತ ನೋಡುತ್ತಿತ್ತು.

ಮುಂದೆ ಎಸಿ ಗ್ಲೋಬಲ್ ರಿಸ್ಕ್ ಎಂಬ ಅಮೆರಿಕದ ಕಂಪನಿ ಬೆವರೂ ಬೇಡ, ನಾಡಿಯೂ ಬೇಡ, ದನಿಯೊಂದಿದ್ದರೆ ಸಾಕು ಅಂದಿತು. ಹತ್ತು ನಿಮಿಷದ ಒಂದು ಫೋನ್ ಸಂದರ್ಶನ. ಮಷೀನು ಪ್ರಶ್ನೆ ಕೇಳುತ್ತದೆ, ನೀವು ಹೌದು ಅಥವಾ ಇಲ್ಲ ಅನ್ನಬೇಕು. ಯಾವ ಭಾಷೆಯಾದರೂ ಆದೀತು. ನೀವು ಏನು ಹೇಳಿದಿರಿ ಅನ್ನುವುದಲ್ಲ, ಹೇಗೆ ಹೇಳಿದಿರಿ ಅನ್ನುವುದನ್ನು ಅದು ಅಳೆಯುತ್ತದೆ. ಕೊನೆಗೆ ಈ ಮನುಷ್ಯನಿಂದ ಅಪಾಯ ಕಡಿಮೆ, ಈ ಮನುಷ್ಯನಿಂದ ಹೆಚ್ಚು ಅಂತ ವಿಂಗಡಿಸಿ ಕೊಡುತ್ತದೆ. ಫಲಿತಾಂಶ ನೂರಕ್ಕೆ 97ರಷ್ಟು ಸರಿ ಅಂತ ಕಂಪನಿ ಹೇಳಿಕೊಂಡಿತು. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ವಿಶೇಷ ಪಡೆಗಳು ತನ್ನ ಗಿರಾಕಿಗಳು ಅಂತಲೂ ಹೇಳಿಕೊಂಡಿತು. 2018ರಲ್ಲಿ ಪತ್ರಿಕೆಗಳು ಇದನ್ನು ಬರೆದಾಗ, ದನಿಯನ್ನು ಅಧ್ಯಯನ ಮಾಡುವ ವಿಜ್ಞಾನಿಗಳು ಇದಕ್ಕೆ ಆಧಾರ ಎಲ್ಲಿದೆ ಅಂತ ಕೇಳಿದರು.

2021ರ ಆಗಸ್ಟ್ 15ರಂದು ಕಾಬೂಲು ಬಿತ್ತು. ಆ ಸೈನ್ಯ ಕರಗಿದ್ದು ದನಿಯಲ್ಲಿ ಅಡಗಿದ್ದ ದ್ರೋಹಿಗಳಿಂದಲ್ಲ. ಸಂಬಳ ಬಾರದೆ, ಬುತ್ತಿ ಬಾರದೆ, ಗುಂಡು ಬಾರದೆ, ಮೇಲಿನವರೇ ಓಡಿಹೋಗುವುದನ್ನು ನೋಡಿ ಕೆಳಗಿನವರು ಬಂದೂಕು ಇಟ್ಟರು. ಇದನ್ನು ಯಾವ ಮಷೀನೂ ಮೊದಲೇ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ, ಯಾಕೆಂದರೆ ಮಷೀನು ಪ್ರಶ್ನೆ ಕೇಳಿದ್ದು ಕೆಳಗಿನವರನ್ನು!

*

ಒಳಗಿನ ದ್ರೋಹಿಯನ್ನು ಮೊದಲೇ ಪತ್ತೆ ಹಚ್ಚಬೇಕು ಅನ್ನುವ ಹಂಬಲ ಹಳೆಯದು. ಅದರ ಬಹು ಹಳೆಯ ಕೈಪಿಡಿ ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದುವರೆಗೆ ಜಗತ್ತಿಗೆ ಆ ಪುಸ್ತಕ ಹೆಸರಿನಲ್ಲಿ ಮಾತ್ರ ಗೊತ್ತಿತ್ತು.

ಅದರಲ್ಲಿ ಅಮಾತ್ಯರ ನಿಷ್ಠೆಯನ್ನು ಪರೀಕ್ಷಿಸುವ ನಾಲ್ಕು ಬಗೆಗಳಿವೆ. ಧರ್ಮದ ಆಸೆ, ದುಡ್ಡಿನ ಆಸೆ, ಕಾಮದ ಆಸೆ, ಪ್ರಾಣದ ಭಯ ಇವನ್ನು ಗುಟ್ಟಾಗಿ ಒಡ್ಡಿ, ಯಾರು ಜಾರುತ್ತಾರೆ ಅಂತ ನೋಡುವುದು. ಇನ್ನೊಂದು ಕಡೆ ರಾಜನಿಗೆ ವಿಷ ಹಾಕಿದವನನ್ನು ಗುರುತಿಸುವ ಲಕ್ಷಣಗಳ ಪಟ್ಟಿ ಇದೆ. ಬಾಯಿ ಒಣಗುವುದು, ಮಾತು ತಡವರಿಸುವುದು, ಬೆವರುವುದು, ಆಕಳಿಸುವುದು, ನಡುಗುವುದು. ನೋಡಿ, ಇವತ್ತಿನ ಕಂಪನಿಗಳು ಮಾರುವುದೆಲ್ಲ ಆ ಪಟ್ಟಿಯಲ್ಲಿ ಆಗಲೇ ಇದೆ!

ಆದರೆ ಕೌಟಿಲ್ಯ ಒಂದು ಎಚ್ಚರಿಕೆಯನ್ನೂ ಬರೆದಿಟ್ಟಿದ್ದಾನೆ. ನಿಷ್ಠೆಯ ಪರೀಕ್ಷೆಯಿಂದ ಕೆಡದವನನ್ನು ಕೆಡಿಸಬಾರದು, ಅದು ತಿಳಿನೀರಿಗೆ ವಿಷ ಬೆರೆಸಿದಂತೆ, ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ಸಿಗುತ್ತದೆಂಬ ಭರವಸೆ ಇಲ್ಲ ಎನ್ನುವ ಅರ್ಥದ ಮಾತು. ಮಷೀನು ಮಾರುವವರು ಲಕ್ಷಣಗಳ ಪಟ್ಟಿಯನ್ನು ಮಾತ್ರ ತೆಗೆದುಕೊಂಡರು, ಈ ಎಚ್ಚರಿಕೆಯನ್ನು ಅಲ್ಲೇ ಬಿಟ್ಟರು.

*

ಇನ್ನು ನಮ್ಮ ಕಡೆಯ ಚರಿತ್ರೆಗೆ ಬರೋಣ. ಒಳಗಿನವರ ದ್ರೋಹ ಅಂದರೆ ಧಾರವಾಡದ ಕಡೆ ಚಿಕ್ಕ ಹುಡುಗರೂ ಹೇಳುವ ಹೆಸರು ಒಂದೇ, ಕಿತ್ತೂರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ದಂಡು ಕಟ್ಟಿಕೊಂಡು ಮತ್ತೆ ಬಂದರು, ಕೋಟೆ ಬಿತ್ತು. ಯಾಕೆ ಬಿತ್ತು ಅಂತ ಕೇಳಿದರೆ ನಮ್ಮ ಜನ ಇವತ್ತಿಗೂ ಹೇಳುವುದು ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾವ್ ಹೆಸರು. ಮದ್ದಿನಲ್ಲಿ ಸಗಣಿ ಕಲೆಸಿದರು, ತೋಪು ಹಾರಲಿಲ್ಲ ಅಂತ. ಇದು ಜನರ ನೆನಪು. ಲಾವಣಿ, ನಾಟಕ, ಸಿನಿಮಾಗಳಲ್ಲಿ ಬೆಳೆದ ನೆನಪು. ಕಂಪನಿ ಸರ್ಕಾರದ ದಂಡು ಎಷ್ಟು ದೊಡ್ಡದಿತ್ತು ಅಂತ ನೋಡಿದರೆ ಮದ್ದು ಹಸನಿದ್ದರೂ ಕಥೆ ಬದಲಾಗುತ್ತಿತ್ತೋ ಇಲ್ಲವೋ.

ನಾನು ಹೇಳಬೇಕಾದ್ದು ಬೇರೆ. ಜನರ ನೆನಪಿನಲ್ಲಿ ದ್ರೋಹಿಗಳು ಯಾರು? ಹೊಸದಾಗಿ ಭರ್ತಿಯಾದ ಬಡ ಸಿಪಾಯಿಯಲ್ಲ. ಸಂಸ್ಥಾನದ ಕಾರಭಾರ ನೋಡುತ್ತಿದ್ದ, ರಾಣಿಯ ಎದುರು ದಿನಾ ಕೂತು ಮಾತಾಡುತ್ತಿದ್ದ ದೊಡ್ಡವರು. ಪರೀಕ್ಷೆ ಮಾಡಿ ಅನ್ನುವ ಹುಕುಂ ಹೊರಡಿಸಬೇಕಾದವರೇ ಅವರು. ಆಗ ಒಂದು ದನಿ ಮಷೀನು ಇದ್ದಿದ್ದರೆ ಅದು ಯಾರ ವಶದಲ್ಲಿರುತ್ತಿತ್ತು ಹೇಳಿ!

ಇನ್ನೊಂದು. ಸಂಗೊಳ್ಳಿ ರಾಯಣ್ಣ ಕಿತ್ತೂರಿಗೆ ಪರಮ ನಿಷ್ಠ. ಕಂಪನಿಯ ದಫ್ತರಿನಲ್ಲಿ ಅವನು ಬಂಡುಕೋರ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಸಿಕ್ಕದ್ದೂ ನಂಬಿದವರ ಮೋಸದಿಂದಲೇ ಅಂತ ಜನ ಹೇಳುತ್ತಾರೆ. ಅದೇ ಮನುಷ್ಯ, ಅದೇ ದನಿ. ಅವನು ನಿಷ್ಠನೋ ದ್ರೋಹಿಯೋ ಅನ್ನುವುದು ಅವನ ಗಂಟಲಿನಲ್ಲಿ ಇರಲಿಲ್ಲ. ಪ್ರಶ್ನೆ ಕೇಳುವವನು ಯಾರು ಅನ್ನುವುದರಲ್ಲಿ ಇತ್ತು.

*

ಇದಾಗಿ ಇಪ್ಪತ್ತಾರು ವರ್ಷ. 1857ರಲ್ಲಿ ನಮ್ಮ ಕಡೆ ಬಾಂಬೆ ಸೈನ್ಯದ ಮೂರು ದೇಶಿ ಪಲ್ಟನ್‌ಗಳಿದ್ದವು. ಕೊಲ್ಹಾಪುರದಲ್ಲಿ 27ನೆಯದು, ಧಾರವಾಡದಲ್ಲಿ 28ನೆಯದು, ಬೆಳಗಾವಿಯಲ್ಲಿ 29ನೆಯದು. ಜುಲೈ 31ರಂದು ಕೊಲ್ಹಾಪುರದ ಪಲ್ಟನ್ ದಂಗೆ ಎದ್ದಿತು. ಬೆಳಗಾವಿ, ಧಾರವಾಡದ ಸಾಹೇಬರಿಗೆ ನಿದ್ದೆ ಹಾರಿಹೋಯಿತು. ನಾಳೆ ಬೆಳಗಿನ ಕವಾಯತಿಗೆ ಬರುವ ಸಿಪಾಯಿ ನನಗೆ ಸಲಾಮು ಹೊಡೆಯುತ್ತಾನೋ, ಗುಂಡು ಹೊಡೆಯುತ್ತಾನೋ?

ಆಗಿನ ಅವರ ಮಷೀನು ಯಾವುದು ಗೊತ್ತೇ? ಅಂಚೆ. ಪಲ್ಟನ್‌ಗಳ ನಡುವೆ ಓಡಾಡುತ್ತಿದ್ದ ಕಾಗದಗಳನ್ನು ಹಿಡಿದು ಓದಿದರು. ಬೆಳಗಾವಿಯಲ್ಲಿ ಒಬ್ಬ ಮುನ್ಷಿ ಸಿಕ್ಕಿಬಿದ್ದ, ಅವನಿಗೆ ಮರಣದಂಡನೆಯಾಯಿತು. ಅನುಮಾನ ಬಂದವರನ್ನು ದೂರದ ಠಾಣೆಗಳಿಗೆ ಕಳಿಸಿ ಚದುರಿಸಿದರು. ಕೊನೆಗೆ ಧಾರವಾಡದ 28ನೆಯ ಪಲ್ಟನ್ ಏಳಲೇ ಇಲ್ಲ. ಬಂಡಾಯ ಬಂದದ್ದು ಬೇರೆ ದಿಕ್ಕಿನಿಂದ. ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆ ಅಂದರು. ಮರುವರ್ಷ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಜನ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನನ್ನು ಕೊಂದರು. ಸಾಹೇಬರು ಸಿಪಾಯಿಯ ಕಾಗದ ಓದುತ್ತಿದ್ದಾಗ ನಾಡಿನ ಮನಸ್ಸು ಬೇರೆಲ್ಲೋ ಕುದಿಯುತ್ತಿತ್ತು.

ದಂಗೆಯ ನಂತರ ಲಂಡನ್ನಿನಲ್ಲಿ ಪೀಲ್ ಆಯೋಗ ಕೂತಿತು. ಗೋರಾ ಸೈನಿಕರ ಪ್ರಮಾಣ ಹೆಚ್ಚಿಸಿ, ದೇಶಿ ಪಲ್ಟನ್‌ಗಳಲ್ಲಿ ಬೇರೆಬೇರೆ ಜಾತಿ-ಪ್ರಾಂತದವರನ್ನು ಬೆರೆಸಿ ಅಂತ ಸಲಹೆ ಕೊಟ್ಟಿತು. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಲಿ ಅಂತ. ಮುಂದೆ, ಅದರಲ್ಲೂ 1885ರಿಂದ 1893ರವರೆಗೆ ರಾಬರ್ಟ್ಸ್ ಸರಸೇನಾಪತಿಯಾಗಿದ್ದಾಗ, 'ಕ್ಷಾತ್ರ ಜನಾಂಗ'ಗಳ ಸಿದ್ಧಾಂತ ಬಲವಾಯಿತು. ಇಂಥ ಜಾತಿಯವನು ಹುಟ್ಟು ಸೈನಿಕ, ನಂಬಬಹುದು. ಇಂಥವನು ಲಡಾಯಿಗೆ ಆಗದವನು, ಬೇಡ. ದಕ್ಷಿಣದವರನ್ನು ಬಹುಮಟ್ಟಿಗೆ 'ಬೇಡ'ದ ಪಟ್ಟಿಗೆ ಸೇರಿಸಿದರು. ಅದಕ್ಕೂ ಆಗ ಶಾಸ್ತ್ರದ ವೇಷವಿತ್ತು. ಕೈಪಿಡಿಗಳಿದ್ದವು, ಅಳತೆಗಳಿದ್ದವು.

ಒಂದು ಕಾಲದಲ್ಲಿ ಹುಟ್ಟು ನೋಡಿ ನಿಷ್ಠೆ ಅಳೆದರು. ಆಮೇಲೆ ಕಾಗದ ನೋಡಿ ಅಳೆದರು. ಶಾಲೆಯ ನಡತೆ ಪತ್ರ, ಪೊಲೀಸ್ ಪರಿಶೀಲನೆ, ಇವು ಇವತ್ತಿಗೂ ಇವೆ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದು ಗಲಾಟೆಯಾದಾಗ, ಗಲಾಟೆಯಲ್ಲಿ ಇರಲಿಲ್ಲ ಅಂತ ಬರೆದುಕೊಡಬೇಕು, ಪೊಲೀಸರು ಪರಿಶೀಲಿಸುತ್ತಾರೆ ಅಂತ ಸೇನೆಯವರು ಹೇಳಿದ್ದು ನಿಮಗೆ ನೆನಪಿರಬಹುದು. ಈಗ ದನಿಯ ಸರದಿ.

*

ಹಾಗಾದರೆ ದನಿಯಲ್ಲಿ ನಿಜವಾಗಿ ಏನಿದೆ?

1970ರ ಸುಮಾರಿಗೆ ಅಮೆರಿಕದ ಸೇನೆಯಿಂದ ಹೊರಬಂದ ಮೂವರು ಅಧಿಕಾರಿಗಳು ಡೆಕ್ಟರ್ ಎಂಬ ಕಂಪನಿ ಮಾಡಿ ಒಂದು ಪೆಟ್ಟಿಗೆ ಮಾರತೊಡಗಿದರು. ನಮ್ಮ ಸ್ನಾಯುಗಳಲ್ಲಿ ಸೆಕೆಂಡಿಗೆ 8ರಿಂದ 12 ಸಲ ಆಗುವ ಸೂಕ್ಷ್ಮ ನಡುಕವೊಂದಿದೆ. ಕೈಕಾಲಿನ ಸ್ನಾಯುಗಳ ಮಟ್ಟಿಗೆ ಇದು ನಿಜ. ಗಂಟಲಿನ ಸ್ನಾಯುವಿನಲ್ಲೂ ಅದಿರುತ್ತದೆ, ಸುಳ್ಳು ಹೇಳುವಾಗ ಬಿಗುವಿನಿಂದ ಅದು ಅಡಗುತ್ತದೆ, ನಮ್ಮ ಪೆಟ್ಟಿಗೆ ಅದನ್ನು ದನಿಯಲ್ಲಿ ಕಂಡುಹಿಡಿಯುತ್ತದೆ ಎಂದರು. ಕೇಳಲು ಚೆನ್ನಾಗಿದೆ. ಆದರೆ ಮಾತಾಡುವ ದನಿಯಲ್ಲಿ ಆ ನಡುಕವಿದೆ, ಅದು ಸುಳ್ಳಿಗೆ ತಕ್ಕಂತೆ ಬದಲಾಗುತ್ತದೆ ಅಂತ ಯಾರೂ ಗಟ್ಟಿಯಾಗಿ ತೋರಿಸಲಿಲ್ಲ. ಮುಂದೆ ಇಸ್ರೇಲಿನ ನೆಮೆಸಿಸ್ಕೊ ಕಂಪನಿ 'ಲೇಯರ್ಡ್ ವಾಯ್ಸ್ ಅನಾಲಿಸಿಸ್' ಅನ್ನುವುದನ್ನು ತಂದಿತು. ಅದು ನಮ್ಮ ದೇಶದ ಪ್ರಯೋಗಾಲಯಗಳಿಗೂ ಬಂತು.

ಸ್ವೀಡನ್ನಿನ ಇಬ್ಬರು ಧ್ವನಿವಿಜ್ಞಾನಿಗಳು, ಆಂಡರ್ಸ್ ಎರಿಕ್ಸನ್ ಮತ್ತು ಫ್ರಾನ್ಸಿಸ್ಕೊ ಲಾಸೆರ್ಡಾ, 2007ರಲ್ಲಿ ಈ ಯಂತ್ರಗಳ ಒಳಗನ್ನು ಬಿಚ್ಚಿ ನೋಡಿ ಒಂದು ಪ್ರಬಂಧ ಬರೆದರು. ಇದರಲ್ಲಿ ವಿಜ್ಞಾನವಿಲ್ಲ, ಇದು ಢೋಂಗಿ ಎನ್ನುವ ಅರ್ಥದ್ದು. ಕಂಪನಿ ಕೋರ್ಟಿನ ಬೆದರಿಕೆ ಹಾಕಿತು, ಪ್ರಕಾಶಕರು ಪ್ರಬಂಧವನ್ನು ಅಂತರ್ಜಾಲದಿಂದ ತೆಗೆದರು. ಸತ್ಯ ಹುಡುಕುವ ಯಂತ್ರದವರು ಸತ್ಯಕ್ಕೆ ಕೊಟ್ಟ ಮರ್ಯಾದೆ!

ಅಮೆರಿಕದ ಒಕ್ಲಹೋಮಾದ ಜೈಲೊಂದರಲ್ಲಿ ಒಂದು ಒಳ್ಳೆಯ ಪ್ರಯೋಗ ನಡೆಯಿತು. ಹೊಸದಾಗಿ ಬಂಧಿತರಾದ 319 ಜನರನ್ನು ಇತ್ತೀಚೆಗೆ ಮಾದಕವಸ್ತು ತೆಗೆದುಕೊಂಡಿದ್ದೀರಾ ಅಂತ ಕೇಳಿ, ದನಿಯನ್ನು ಎರಡು ಬಗೆಯ ಯಂತ್ರಕ್ಕೆ ಕೊಟ್ಟರು. ಜೊತೆಗೆ ಮೂತ್ರ ಪರೀಕ್ಷೆಯನ್ನೂ ಮಾಡಿದರು, ಅದು ಸುಳ್ಳು ಹೇಳುವುದಿಲ್ಲವಲ್ಲ. ಸುಳ್ಳು ಹೇಳಿದವರಲ್ಲಿ ಯಂತ್ರಗಳು ಹಿಡಿದದ್ದು ನೂರಕ್ಕೆ ಸುಮಾರು 15 ಜನರನ್ನು. ಒಟ್ಟು ಲೆಕ್ಕದಲ್ಲಿ ನಾಣ್ಯ ಚಿಮ್ಮಿದಷ್ಟೇ ಫಲ. ಆದರೆ ಒಂದು ಮಜಾ ಇದೆ. ಯಂತ್ರವಿಲ್ಲದೆ ಕೇಳಿದ್ದ ಹಿಂದಿನ ಸಮೀಕ್ಷೆಗಿಂತ ಈ ಸಲ ಸುಳ್ಳು ಹೇಳಿದವರ ಸಂಖ್ಯೆ ಬಹಳ ಕಡಿಮೆಯಿತ್ತು. ಅಂದರೆ ಯಂತ್ರ ಕೆಲಸ ಮಾಡಲಿಲ್ಲ, ಯಂತ್ರದ ಭಯ ಕೆಲಸ ಮಾಡಿತು. ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆ ಇದ್ದ ಹಾಗೆ. ಬ್ರಿಟನ್ನಿನಲ್ಲಿ ಸರ್ಕಾರದ ನೆರವು ಕೇಳಿ ಫೋನ್ ಮಾಡುವ ಬಡವರ ಮೇಲೆ ಇದೇ ಥರದ ಯಂತ್ರವನ್ನು 2007ರಿಂದ ಪ್ರಯೋಗಿಸಿ ನೋಡಿ, 2010ರಲ್ಲಿ ಕೈಬಿಟ್ಟರು.

*

"ದೂರದ ಊರಿನ ಮಾತು ಯಾಕ್ರಿ" ಅನ್ನುತ್ತೀರಾ? ಸರಿ, ಬೆಂಗಳೂರಿಗೆ ಬರೋಣ.

2000ದ ದಶಕದಲ್ಲಿ ಸತ್ಯ ಹೊರಡಿಸುವ ಯಂತ್ರಗಳಿಗೆ ದೇಶದಲ್ಲೇ ಹೆಸರಾದ ಊರು ಬೆಂಗಳೂರು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮೆದುಳಿನ ನಕ್ಷೆ. ಬೇರೆ ರಾಜ್ಯದ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಛಾಪಾ ಕಾಗದದ ತೆಲಗಿಯ ಮಂಪರು ಪರೀಕ್ಷೆಯ ಚಿತ್ರ ಟೀವಿಯಲ್ಲಿ ಬಂದಾಗ ನಾವೆಲ್ಲ ಧಾರಾವಾಹಿ ನೋಡಿದ ಹಾಗೆ ನೋಡಿದೆವು. ಮಂಪರಿನಲ್ಲಿ ಮನುಷ್ಯ ಸುಳ್ಳು ಹೇಳುವುದಿಲ್ಲ ಅಂತ ಪಾನ್ ಅಂಗಡಿಯವರೆಗೂ ನಂಬಿಕೆ.

2008ರ ಮೊದಲ ತಿಂಗಳುಗಳಲ್ಲಿ ಈ ಕಥೆ ಹುಬ್ಬಳ್ಳಿಗೆ ಬಂತು. ಭಯೋತ್ಪಾದನೆಯ ಸಂಚು ಅಂತ ಸಾಲುಸಾಲು ಬಂಧನಗಳಾದವು, ಬಂಧಿತರಲ್ಲಿ ವೈದ್ಯಕೀಯ ವಿದ್ಯಾರ್ಥಿಯೂ ಇದ್ದ. ಕೆಲವರನ್ನು ಬೆಂಗಳೂರಿಗೆ ಒಯ್ದು ಮಂಪರು ಪರೀಕ್ಷೆ ಮಾಡಿಸಿದರು. ಅದರಲ್ಲಿ ಹೊರಬಂತು ಎನ್ನಲಾದ ಮಾತುಗಳು ಪತ್ರಿಕೆ, ಟೀವಿ ತುಂಬಿದವು. ಊರಿನ ಜನ ಪರಸ್ಪರ ಮುಖ ನೋಡಿಕೊಳ್ಳುವುದೇ ಬದಲಾಯಿತು. ನಾನೂ ಆಗ ಆ ಸುದ್ದಿಗಳನ್ನು ನಂಬಿದವನೇ. ಸುಳ್ಳು ಯಾಕೆ ಹೇಳಲಿ.

2015ರ ಏಪ್ರಿಲ್ ಕೊನೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆ ಪ್ರಕರಣದ 17 ಜನ ಆರೋಪಿಗಳನ್ನೂ ಬಿಡುಗಡೆ ಮಾಡಿತು. ಆರೋಪ ಸಾಬೀತಾಗಲಿಲ್ಲ. ಏಳು ವರ್ಷ! ಮಂಪರು ಪರೀಕ್ಷೆಯ ಸುದ್ದಿ ಮೊದಲ ಪುಟದಲ್ಲಿತ್ತು. ಖುಲಾಸೆಯ ಸುದ್ದಿ ಯಾವ ಪುಟದಲ್ಲಿತ್ತು ಅಂತ ನನಗೆ ನೆನಪಿಲ್ಲ. ನಿಮಗಿದೆಯೇ?

ಅದೇ 2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಮೆದುಳಿನ ನಕ್ಷೆಯ ಪರೀಕ್ಷೆಗಳು ವೈಜ್ಞಾನಿಕವಲ್ಲ ಎಂದು ಹೇಳಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು, ಸುಳ್ಳು ಪತ್ತೆ, ಮೆದುಳಿನ ನಕ್ಷೆ ಪರೀಕ್ಷೆ ಮಾಡುವಂತಿಲ್ಲ, ಅದು ಸಂವಿಧಾನದ 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧ ಎಂದು. ತೀರ್ಪಿನ ಹೆಸರಿನಲ್ಲೇ ನಮ್ಮ ರಾಜ್ಯವಿದೆ. ಹೆಮ್ಮೆ ಪಡಬೇಕೋ ನಾಚಿಕೆ ಪಡಬೇಕೋ ನೀವೇ ಹೇಳಿ.

ಇಲ್ಲೊಂದು ಗೊಂದಲ ಬಿಡಿಸಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ರಿತೇಶ್ ಸಿನ್ಹಾ ಪ್ರಕರಣದಲ್ಲಿ, ಆರೋಪಿಯ ದನಿಯ ಮಾದರಿ ಕೊಡಿಸಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು ಎಂದಿತು. ಅದು ಬೇರೆ ವಿಷಯ. ಈ ಫೋನಿನಲ್ಲಿ ಮಾತಾಡಿದವನು ಇವನೇನಾ ಅಂತ ಹೋಲಿಸಿ ನೋಡುವುದು ಬೆರಳಚ್ಚಿನಂಥ ಕೆಲಸ. ಈ ಮನುಷ್ಯ ನಾಳೆ ದ್ರೋಹ ಮಾಡುತ್ತಾನೇನು ಅಂತ ದನಿಯಿಂದ ಹೇಳುವುದು ಗಿಣಿಶಾಸ್ತ್ರದಂಥ ಕೆಲಸ. ಎರಡಕ್ಕೂ ಒಂದೇ ಹೆಸರಿಟ್ಟು ಮಾರುತ್ತಾರೆ, ನಾವು ಮೋಸ ಹೋಗುತ್ತೇವೆ.

ಸೆಲ್ವಿ ತೀರ್ಪು ಮಾತಾಡಿದ್ದು ಅಪರಾಧದ ತನಿಖೆಯ ಬಗ್ಗೆ. ನೌಕರಿ ಕೇಳಿ ಬಂದವನ ಕಥೆ ಬೇರೆ, ಅವನು 'ಒಪ್ಪಿಗೆ' ಅಂತ ಸಹಿ ಹಾಕುತ್ತಾನೆ. ಹಾಕದೆ ಏನು ಮಾಡುತ್ತಾನೆ? ಎರಡು ಎಕರೆ ಒಣಬೇಸಾಯದ ಮನೆಯ ಹುಡುಗನಿಗೆ ಆ ಕಾಗದ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

*

ಈಗ ಸ್ವಲ್ಪ ಲೆಕ್ಕ. ಕಂಪನಿ ಹೇಳಿದ 97 ಪೂರ್ತಿ ನಿಜ ಅಂತಲೇ ಇಟ್ಟುಕೊಳ್ಳಿ. ಭರ್ತಿಗೆ 10,000 ಹುಡುಗರು ಬಂದರು, ಅದರಲ್ಲಿ 10 ಜನ ನಿಜವಾಗಿ ಕೆಟ್ಟ ಉದ್ದೇಶದವರು ಅಂತ ಊಹಿಸಿಕೊಳ್ಳಿ. ಮಷೀನು ಆ ಹತ್ತೂ ಜನರನ್ನು ಹಿಡಿಯಿತು ಅನ್ನೋಣ, ಶಹಬ್ಬಾಸ್. ಉಳಿದ 9,990 ಪ್ರಾಮಾಣಿಕರಲ್ಲಿ ನೂರಕ್ಕೆ ಮೂರರಂತೆ ತಪ್ಪಾಗಿ ಹಿಡಿದದ್ದು ಸುಮಾರು 300. ಅಂದರೆ ಕೆಂಪು ದೀಪ ಹತ್ತಿದ 310 ಜನರಲ್ಲಿ 300 ಜನ ನಿರಪರಾಧಿಗಳು! ದ್ರೋಹಿಗಳು ಅಪರೂಪ ಆದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2003ರಲ್ಲಿ ಸುಳ್ಳು ಪತ್ತೆ ಯಂತ್ರದ ಬಗ್ಗೆ ಇಂಥದ್ದೇ ಲೆಕ್ಕ ಹಾಕಿತ್ತು. 10,000 ನೌಕರರಲ್ಲಿ 10 ಗೂಢಚಾರರಿದ್ದರೆ, ಎಂಟು ಜನರನ್ನು ಹಿಡಿಯಲು ಸುಮಾರು 1,600 ನಿರಪರಾಧಿಗಳ ಮೇಲೂ ಅನುಮಾನ ಪಡಬೇಕಾಗುತ್ತದೆ ಅಂತ. ಇತ್ತ ಸಿಐಎಯೊಳಗೆ ಕೂತು ರಷ್ಯಾಕ್ಕೆ ಗುಟ್ಟು ಮಾರಿದ ಆಲ್ಡ್ರಿಚ್ ಏಮ್ಸ್ ಆ ಯಂತ್ರದ ಪರೀಕ್ಷೆಯನ್ನು 1986 ಮತ್ತು 1991ರಲ್ಲಿ ಎರಡು ಸಲ ಪಾಸು ಮಾಡಿದ್ದ. ಕೆಂಪು ದೀಪ ಹತ್ತಿಸಿಕೊಳ್ಳುವುದು ದನಿ ನಡುಗುವವನು, ಪಳಗಿದ ಸುಳ್ಳನಲ್ಲ.

ಭರ್ತಿಯ ದಿನವೇ ದ್ರೋಹಿಯನ್ನು ಹಿಡಿಯಬಹುದು ಅನ್ನುವ ಊಹೆಯೂ ತಪ್ಪು. 2019ರ ಡಿಸೆಂಬರಿನಲ್ಲಿ ನೌಕಾಪಡೆಯ ಏಳು ಜನ ಕಿರಿಯ ನಾವಿಕರನ್ನು ಹಡಗುಗಳ ಮಾಹಿತಿ ಪಾಕಿಸ್ತಾನಕ್ಕೆ ಕೊಟ್ಟ ಆರೋಪದಲ್ಲಿ ಹಿಡಿದರು. ವಿಶಾಖಪಟ್ಟಣ, ಮುಂಬಯಿಯ ಜೊತೆ ನಮ್ಮ ಕಾರವಾರದ ನೆಲೆಯ ಹೆಸರೂ ಇತ್ತು. ಆರೋಪದ ಪ್ರಕಾರ ಅವರು ಬಲೆಗೆ ಬಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ, ಫೇಸ್‌ಬುಕ್ಕಿನಲ್ಲಿ, ಹೆಣ್ಣಿನ ಹೆಸರಿನ ಖಾತೆಗಳಿಂದ. ಭರ್ತಿಯ ದಿನ ಕೇಳಿದ್ದರೆ ಅವರು ನಿಜವನ್ನೇ ಹೇಳುತ್ತಿದ್ದರು, ಯಾಕೆಂದರೆ ಆ ದಿನ ಅವರು ಏನೂ ಮಾಡಿರಲಿಲ್ಲ. ಮಾಡಬೇಕೆಂದು ಅಂದುಕೊಂಡೂ ಇರಲಿಲ್ಲ. ಕೌಟಿಲ್ಯ ಹೇಳಿದ ಆಸೆ-ಭಯಗಳು ಮನುಷ್ಯನಿಗೆ ಎದುರಾಗುವುದು ದಾರಿಯ ನಡುವೆ. ಒಂಟಿತನ, ಸಾಲ, ರಜೆ ಸಿಗದ ಸಿಟ್ಟು ಇವನ್ನೆಲ್ಲ ಕಾಣಬಲ್ಲವನು ಪಕ್ಕದ ಮಂಚದ ಗೆಳೆಯ, ಅವನ ಹವಾಲ್ದಾರ, ಒಳ್ಳೆಯ ಅಧಿಕಾರಿ. ಅವರಿಗೆ ಕೊಡಬೇಕಾದ ಹೊತ್ತು, ದುಡ್ಡು ಮಷೀನಿಗೆ ಹೋದರೆ ಕಾವಲು ಇದ್ದೂ ಇಲ್ಲದ ಹಾಗೆ.

*

ಕೊನೆಗೆ ಎರಡು ಮಾತು.

ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವ್ಯಾರೂ ಮರೆತಿರಲಾರಿರಿ. ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್. 13 ವರ್ಷದ ಸೇವೆಯಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಇದ್ದವರು, ಅದರಲ್ಲಿ ಕೆಲವನ್ನು ತಾವಾಗಿ ಕೇಳಿ ಪಡೆದವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಅಗೆದಾಗ ಅವರೊಬ್ಬರ ಉಸಿರು ಇತ್ತು. ಫೆಬ್ರುವರಿ 11ರಂದು ಅದೂ ನಿಂತಿತು. ಬೆಟದೂರಿನ ಆ ಹುಡುಗ ಭರ್ತಿಯ ಸಾಲಿನಲ್ಲಿ ನಿಂತ ದಿನ ಯಾವ ದನಿಯಲ್ಲಿ 'ಹೌದ್ರಿ' ಅಂದಿದ್ದನೋ. ಅಂಥ ನಿಷ್ಠೆಯನ್ನು ಸೆಕೆಂಡಿಗೆ 8ರಿಂದ 12ರ ನಡುಕದಲ್ಲಿ ಅಳೆಯುತ್ತೇನೆ ಅನ್ನುವವರ ಎದುರು ನನಗೆ ಮಾತು ಹೊರಡುವುದಿಲ್ಲ.

ಇನ್ನೊಂದು. 2023ರ ಜನವರಿ 28ರಂದು ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಭೂಮಿಪೂಜೆಯಾಯಿತು. ವಿಧಿವಿಜ್ಞಾನ ನಮ್ಮೂರಿನಲ್ಲೇ ಕಲಿಸುವ ವಿದ್ಯೆಯಾಯಿತು. ಸಂತೋಷದ ಸಂಗತಿ. ಅಲ್ಲಿ ಕಲಿಯುವ ಹುಡುಗ ಹುಡುಗಿಯರಿಗೆ ಮಷೀನು ನಡೆಸುವುದರ ಜೊತೆಗೆ ಹುಬ್ಬಳ್ಳಿಯ ಆ ಏಳು ವರ್ಷದ ಕಥೆಯನ್ನೂ ಒಂದು ಪಾಠವಾಗಿ ಹೇಳಿದರೆ ಎಷ್ಟು ಚೆನ್ನ. ದನಿ ಅಂದರೇನು ಅಂತ ತಿಳಿಯಲು ಈ ಊರಿಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಮಲ್ಲಿಕಾರ್ಜುನ ಮನಸೂರರ ಊರು ಇದು. ಗಂಟಲಿನ ತೊಂದರೆಯಿಂದ ದನಿ ಗಡುಸಾದ ಮೇಲೂ ಅದೇ ದನಿಯಲ್ಲಿ ಜಗತ್ತನ್ನು ಗೆದ್ದ ಗಂಗೂಬಾಯಿ ಹಾನಗಲ್ಲರ ಊರು ಇದು. ದನಿ ಬದಲಾದ ಮಾತ್ರಕ್ಕೆ ಒಳಗಿನದು ಬದಲಾಗುವುದಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇವತ್ತು ಬೆಳಿಗ್ಗೆ ಆ ಹುಡುಗ ಮತ್ತೆ ಸಿಕ್ಕಿದ್ದ. ಇದೆಲ್ಲವನ್ನೂ ಹೇಳಲು ಹೋಗಲಿಲ್ಲ, ಅವನಿಗೆ ಪುರುಸೊತ್ತೂ ಇರಲಿಲ್ಲ. "ದನಿ ನಡುಗಿದ್ರ ನಡುಗಲಿ ಬಿಡು. ಕೇಳಿದ್ದಕ್ಕ ಖರೇನ ಹೇಳು, ಸಾಕು" ಅಂದೆ. "ಹೌದ್ರಿ" ಅಂದು ಮತ್ತೊಂದು ಸುತ್ತು ಓಡಿದ.

ನಡುಗುತ್ತಿತ್ತು ದನಿ, ಓಡಿದ್ದಕ್ಕೋ ಅಥವಾ ಬೆಳಗಿನ ಚಳಿಗೋ. ನನಗಂತೂ ಅದರಲ್ಲಿ ಬೇರೇನೂ ಕೇಳಲಿಲ್ಲ. ನಿಮಗೇನನ್ನಿಸುತ್ತದೆ?